ವಾರಕ್ಕೆ ಒಂದೇ ಸಲ

"ಯಾವುದರಲ್ಲಿ ಉಜ್ಜಿದ್ರಿ ಇದನ್ನ? ಪಾತ್ರೆ ಉಜ್ಜೋ ನಾರಲ್ಲಾ?"

ನಾನು ಆ ಮನುಷ್ಯನ ಜೊತೆ ಆಡಿದ ಮೊದಲ ಮಾತು ಇದು. ಔಷಧಿ ಅಂಗಡಿಯ ಮೂಲೆಯಲ್ಲಿ ಕ್ರೀಮು, ಲೋಷನ್ನುಗಳ ಕೌಂಟರ್ ನನ್ನದು. ಹದಿನಾಲ್ಕು ವರ್ಷದಿಂದ ಅಲ್ಲೇ ನಿಂತಿದ್ದೇನೆ, ನಾಲಿಗೆ ಸ್ವಲ್ಪ ಹರಿತ. ಅವರು ಬೇಜಾರು ಮಾಡಿಕೊಳ್ಳದೆ ನಕ್ಕರು. ನಕ್ಕಿದ್ದಕ್ಕೇ ಕೆನ್ನೆ ಉರಿದಿರಬೇಕು, ತಕ್ಷಣ ಅಂಗೈ ಒತ್ತಿಕೊಂಡರು.

ಡ್ರೈವಿಂಗ್ ಕಲಿಸೋ ಕೆಲಸವಂತೆ ಅವರದು. ಎಲ್ಲರೂ ಮೇಷ್ಟ್ರು ಅಂತಲೇ ಕರೆಯೋದು. ಕಲಿಯುವವರ ಪಕ್ಕ ದಿನವಿಡೀ ಕಿಟಕಿ ಬಿಸಿಲಿಗೆ ಕೂತೂ ಕೂತೂ ಮುಖದ ಒಂದು ಕಡೆ ಕಪ್ಪಾಗಿ, ಇನ್ನೊಂದು ಕಡೆ ಮೊದಲಿನ ಹಾಗೇ ಉಳಿದಿತ್ತು. ಅದನ್ನು ಸರಿಮಾಡಲು ಹರಳು ಹರಳಾದ ಸ್ಕ್ರಬ್ ತಂದು, ಹತ್ತು ದಿನ, ಬೆಳಿಗ್ಗೆ ಸಂಜೆ, ಕಪ್ಪಾದ ಕಡೆಗೆ ಮಾತ್ರ ತಿಕ್ಕಿದ್ದರು. ಪುಣ್ಯಾತ್ಮ.

"ಮಗಳು ವಿಡಿಯೋ ಕಾಲಲ್ಲಿ ನೋಡಿ, ಅಪ್ಪ ನೀನ್ಯಾಕೆ ಎರಡು ಬಣ್ಣ ಇದೀಯ ಅಂದ್ಲು. ಇನ್ನು ಮೂರು ತಿಂಗಳಿಗೆ ರಜಕ್ಕೆ ಬರ್ತಾಳೆ. ಅವಳ ಅಮ್ಮನೂ ಬರ್ತಾಳೆ. ನಾಲ್ಕು ವರ್ಷದಿಂದ ನಾವು ಬೇರೆ ಬೇರೆ ಇದೀವಿ. ಮಗಳಿಗೋಸ್ಕರ ಇನ್ನೊಂದ್ಸಲ ಒಟ್ಟಿಗೆ ಇದ್ದು ನೋಡೋಣ ಅಂತ."

ಇಷ್ಟನ್ನೂ ಮೊದಲ ದಿನವೇ ಹೇಳಿಬಿಟ್ಟರು. ಮುಚ್ಚಿಟ್ಟರು ಅಂತ ದೂರೋದಕ್ಕೂ ನನಗೆ ದಾರಿ ಇಲ್ಲ.

ಸ್ಕ್ರಬ್ಬನ್ನು ಕಸದ ಬುಟ್ಟಿಗೆ ಹಾಕಿ ಅಂದೆ. ಎರಡು ವಾರ ಬರೀ ಮಾಯಿಶ್ಚರೈಸರ್, ಬೆಳಿಗ್ಗೆ ಸನ್‌ಸ್ಕ್ರೀನ್. ಉರಿ ಪೂರ್ತಿ ಇಳಿದ ಮೇಲೆ ಲ್ಯಾಕ್ಟಿಕ್ ಆಸಿಡ್ ಇರೋ ಲೋಷನ್, ಅದೂ ಇರೋದ್ರಲ್ಲೇ ಸೌಮ್ಯವಾದದ್ದು.

"ಆಸಿಡ್ಡಾ?" ಮೇಷ್ಟ್ರು ಒಂದು ಹೆಜ್ಜೆ ಹಿಂದೆ ಸರಿದರು.

"ಹೆದರ್ಬೇಡಿ, ಮುಖ ಎಲ್ಲೂ ಹೋಗಲ್ಲ. ಸತ್ತ ಚರ್ಮನ ಅದೇ ಮೆಲ್ಲಗೆ ಬಿಡಿಸುತ್ತೆ, ನೀವು ಉಜ್ಜೋ ಹಾಗೇ ಇಲ್ಲ. ಮೊದಲು ಕಿವಿ ಹಿಂದೆ ಹಚ್ಚಿ ನೋಡಿ. ಏನೂ ಆಗ್ಲಿಲ್ಲ ಅಂದ್ರೆ ಮುಖಕ್ಕೆ. ಮಲಗೋ ಮುಂಚೆ, ಮುಖ ಚೆನ್ನಾಗಿ ಒರೆಸ್ಕೊಂಡು. ವಾರಕ್ಕೆ ಒಂದೇ ಸಲ."

"ಕಪ್ಪಾಗಿರೋ ಕಡೆಗೆ ಮಾತ್ರ ತಾನೇ?"

"ಎರಡೂ ಕಡೆಗೆ. ಪಾಪ, ಆ ಕೆನ್ನೆ ಏನು ತಪ್ಪು ಮಾಡಿದೆ?"

ಆಮೇಲೆ ಪ್ರತಿ ಶನಿವಾರ, ಮಧ್ಯಾಹ್ನದ ಕ್ಲಾಸಿಗೂ ಸಂಜೆ ಕ್ಲಾಸಿಗೂ ನಡುವೆ, ಮುಖ ತೋರಿಸಲು ಬರತೊಡಗಿದರು. ಕೌಂಟರಿನ ದೀಪದ ಕೆಳಗೆ ಬಗ್ಗುತ್ತಿದ್ದರು. ನಾನು ಒಂದು ಬೆರಳಲ್ಲಿ ಗದ್ದ ತಿರುಗಿಸಿ ನೋಡುತ್ತಿದ್ದೆ. ಆಗ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಅದಕ್ಕೇನೂ ಕಣ್ಣು ಮುಚ್ಚಬೇಕಾಗಿಲ್ಲ. ನಾನು ಹೇಳಲಿಲ್ಲ.

ಮುಚ್ಚಿದ ಕಣ್ಣಿನ ಮೂಲೆಯಲ್ಲಿ ನಗು ಇರುತ್ತಿತ್ತು. ಬ್ರೇಕ್ ಅಂದುಕೊಂಡು ಹಾರ್ನ್ ಒತ್ತುವ ಮುದುಕಪ್ಪನ ಕಥೆ, ದೀಪದ ಕಂಬಕ್ಕೆ ಗುದ್ದಿ ಕಂಬಕ್ಕೇ ಸಾರಿ ಕೇಳಿದ ಟೀಚರ್ ಕಥೆ, ಎಲ್ಲ ಅಲ್ಲೇ ಬಗ್ಗಿಕೊಂಡೇ ಹೇಳುತ್ತಿದ್ದರು. "ನಿನ್ನ ಕಣ್ಣಿಗೆ ಶನಿವಾರ ಮಾತ್ರ ಕಾಡಿಗೆ ಬೇಕಲ್ಲ, ಏನೇ ಸಮಾಚಾರ?" ಅಂತ ಮನೆಯಲ್ಲಿ ಅಕ್ಕ ಕೇಳಿದಳು. ಸುಮ್ನಿರೇ ಅಂದೆ. ನನಗೆ ಅವರ ಮೇಲೆ ಪ್ರೀತಿ ಹುಟ್ಟಿತ್ತು, ಅಷ್ಟೇ ಸಮಾಚಾರ. ಹೆಂಡತಿ ಮಗಳು ವಾಪಸ್ ಬರಲಿರುವ ಮನುಷ್ಯನನ್ನು ಪ್ರೀತಿಸಿ ಕೂತಿದ್ದೇನೆ ಅಂತ ಅಕ್ಕನಿಗೆ ಯಾವ ಬಾಯಲ್ಲಿ ಹೇಳೋದು?

ಆರನೇ ವಾರದ ಹೊತ್ತಿಗೆ ಅವರ ಚರ್ಮ ಲೋಷನ್ನಿಗೆ ಪೂರ್ತಿ ಒಗ್ಗಿತ್ತು. ಬೇರೆ ಯಾರಾದರೂ ಆಗಿದ್ದರೆ, ಇನ್ನು ವಾರಕ್ಕೆ ಮೂರು ಸಲ ಹಚ್ಚಿ ಅಂತಿದ್ದೆ. ಅವರಿಗೆ ಮಾತ್ರ, "ಇನ್ನೂ ನಾಜೂಕಾಗಿದೆ, ವಾರಕ್ಕೆ ಒಂದೇ ಸಲ" ಅಂದೆ. ಮುಖ ಒಂದೇ ಬಣ್ಣ ಆಗಿಬಿಟ್ಟರೆ ಶನಿವಾರ ಯಾಕೆ ಬರುತ್ತಾರೆ? ಹದಿನಾಲ್ಕು ವರ್ಷದಲ್ಲಿ ನಾನು ಯಾರಿಗೂ ಹೀಗೆ ಮಾಡಿದವಳಲ್ಲ. ನಾಚಿಕೆ ಆಯಿತು. ಮುಂದಿನ ಶನಿವಾರವೂ ಅದನ್ನೇ ಹೇಳಿದೆ.

ಕೊನೆಯ ಶನಿವಾರ ಬಂತು. ಮಾರನೆಯ ದಿನ ಬೆಳಿಗ್ಗೆ ಮಗಳೂ ಅವಳ ಅಮ್ಮನೂ ಬರುವ ಬಸ್ಸು. ದೀಪದ ಕೆಳಗೆ ನೋಡಿದರೆ, ದವಡೆಯುದ್ದಕ್ಕೂ ಕಪ್ಪಿನ ಗೆರೆ ತೆಳ್ಳಗೆ ಇನ್ನೂ ಇತ್ತು.

"ಮೇಷ್ಟ್ರೇ, ತಪ್ಪು ನಂದು. ಯಾವಾಗ್ಲೋ ವಾರಕ್ಕೆ ಮೂರು ಸಲ ಅಂತ ಹೇಳ್ಬೇಕಿತ್ತು. ಬೇಕೂಂತಲೇ ಹೇಳ್ಲಿಲ್ಲ."

"ಗೊತ್ತು" ಅಂದರು.

"ಏನು ಗೊತ್ತು?"

"ಡಬ್ಬದೊಳಗೆ ಒಂದು ಚೀಟಿ ಇರುತ್ತಲ್ಲ, ಮೊದಲೇ ಓದಿದೀನಿ. ಒಗ್ಗಿದ ಮೇಲೆ ದಿನ ಬಿಟ್ಟು ದಿನ ಹಚ್ಚಬಹುದು ಅಂತಿತ್ತು."

"ಮತ್ತೆ ಯಾಕೆ ಹಚ್ಚಲಿಲ್ಲ?"

ಅವರು ಕಣ್ಣು ತೆರೆದರು. ಅಷ್ಟು ಹತ್ತಿರದಿಂದ ನಾನು ಆ ಕಣ್ಣುಗಳನ್ನು ನೋಡಿದ್ದು ಅದೇ ಮೊದಲು.

"ನಂಗೂ ಬೇಗ ವಾಸಿಯಾಗೋದು ಬೇಕಿರ್ಲಿಲ್ಲ" ಅಂದರು. ಗದ್ದದ ಮೇಲಿದ್ದ ಬೆರಳನ್ನು ನಾನು ಹಿಂದಕ್ಕೆ ಎಳೆದುಕೊಂಡೆ. "ನೀವು ಒಂದು ಮಾತು ಹೇಳಿ. ಈಗಲೇ ಫೋನ್ ಮಾಡಿ ಬರೋದು ಬೇಡ ಅಂತೀನಿ."

ಹೇಳೋಣ ಅಂತಲೇ ಬಾಯಿ ತೆರೆದೆ, ಸುಳ್ಳು ಯಾಕೆ. ಮೂವತ್ತೊಂಬತ್ತು ವರ್ಷಕ್ಕೆ ಮೊದಲ ಸಲ ಒಬ್ಬರು ನನ್ನನ್ನು ಹೀಗೆ ಕೇಳಿದ್ದರು. ಆದರೆ ಬಾಯಿಂದ ಬಂದದ್ದು ಬೇರೆ.

"ಮಗಳು ಬಟ್ಟೆ ಜೋಡಿಸ್ಕೊಂಡ್ಲಾ?"

ಅವರು ತಲೆ ತಗ್ಗಿಸಿದರು. "ಹದಿನೈದು ದಿನ ಆಯ್ತು. ದಿನಾ ಬ್ಯಾಗ್ ಬಿಚ್ಚಿ ಫೋನಲ್ಲಿ ತೋರಿಸ್ತಾಳೆ. ನಂಗೆ ಅಂತ ಒಂದು ಟೋಪಿ ಇಟ್ಕೊಂಡಿದಾಳೆ. ಕಾರಲ್ಲಿ ಹಾಕ್ಕೋಬೇಕಂತೆ, ಬಿಸಿಲು ಬೀಳ್ದೆ ಇರೋ ಹಾಗೆ."

ಟೋಪಿಯ ಮಾತು ಕೇಳಿದ ಮೇಲೆ ನನಗೆ ಬೇರೆ ದಾರಿ ಉಳಿಯಲಿಲ್ಲ.

"ಹಾಗಾದ್ರೆ ನನ್ನ ಕೇಳ್ಬೇಡಿ" ಅಂದೆ. "ಬೇಡ ಅನ್ನಿ ಅಂತ ಹೇಳೋಕೆ ನಂಗೆ ಒಂದು ಗಳಿಗೆ ಸಾಕು. ಹೋಗಿ ಅನ್ನೋಕೆ ಮಾತ್ರ ನನ್ನ ಕೈಲಿ ಆಗಲ್ಲ. ನೀವಾಗೇ ಹೋಗ್ಬೇಕು."

ಒಬ್ಬಾಕೆ ಬಂದು ಮಗುವಿನ ಸೋಪು ಕೇಳಿದಳು, ಕೊಟ್ಟೆ. ಆಕೆ ಹೋದಳು. ಆಮೇಲೆ ಮೇಷ್ಟ್ರು ಕೌಂಟರಿನ ಮೇಲಿಂದ ಕೈ ತೆಗೆದು ನಡೆದರು.

ಗಾಜಿನ ಬಾಗಿಲ ಹತ್ತಿರ ಒಮ್ಮೆ ನಿಂತರು, ತಿರುಗಿ ನೋಡಲಿಲ್ಲ. ಕರೆದಿದ್ದರೆ ಬಂದುಬಿಡುತ್ತಿದ್ದರು. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವರು ಬಾಗಿಲು ತೆಗೆದು ಹೊರಗೆ ಹೋಗುವ ತನಕ ನಾನು ಉಸಿರು ಬಿಡದೆ, ಬಾಯಿ ಮುಚ್ಚಿಕೊಂಡು ನಿಂತಿದ್ದೆ.