ಸಾನ್ ತೆಲ್ಮೋ ಕೋಟೆಯ ಹವಳಗಲ್ಲುಗಳು

ಸಾನ್ ತೆಲ್ಮೋ ಕೋಟೆಗೆಂದು ಹವಳದ ದಿಬ್ಬದಿಂದ ಕಲ್ಲು ಕಡಿದ ದಿನ, ಲುಬಾಂಗನ್ ಊರಿನ ಮುಖಂಡ ಹುವಾನ್ ಕಬಾಹುಗ್ ಸೊಂಟದಮಟ್ಟ ನೀರಿನಲ್ಲಿ ನಿಂತು ಕಡಲಿಗೊಂದು ಮಾತು ಕೊಟ್ಟನಂತೆ: "ಸ್ಪೇನಿನವರು ಹೊರಿಸ್ತಿದ್ದಾರೆ, ಹೊರ್ತಿದ್ದೀವಿ. ಈ ಕಂಡಿ ನಾವೇ ಮುಚ್ಚಿಕೊಡ್ತೀವಿ." ಹಿಂದೆ ಕೋವಿ ಹಿಡಿದು ನಿಂತಿದ್ದ ಸಿಪಾಯಿಗೆ ಅವನ ಭಾಷೆ ತಿಳಿಯದು. ಪ್ರಾರ್ಥನೆ ಅಂದುಕೊಂಡು ಟೋಪಿ ತೆಗೆದನಂತೆ. ದ್ವೀಪದವರು ಇವತ್ತಿಗೂ ಈ ಕತೆ ಹೇಳಿ ನಗುತ್ತಾರೆ. ಠಾಣೆಯ ಇನ್‌ಸ್ಪೆಕ್ಟರ್ ನೊರಿಂದಾ ಲುಮಾಪಾಸ್ ಕೂಡ ಚಿಕ್ಕಂದಿನಲ್ಲಿ ನಕ್ಕವಳೇ.

ಮಾರ್ಚ್ ಹನ್ನೊಂದು, ಸೋಮವಾರ, ಬೆಳಿಗ್ಗೆ ಎಂಟೂವರೆಗೆ ಕೋಟೆಯ ಕಾವಲುಗಾರ ತಿಯೋದುಲೋ ಠಾಣೆಗೆ ಬಂದ.

"ಮೇಡಂ, ಗೋಡೆ ಕಳವಾಗಿದೆ."

"ಗೋಡೆ ಮೇಲಿದ್ದದ್ದು ಏನು?"

"ಮೇಲಿದ್ದದ್ದು ಏನೂ ಇಲ್ಲ. ಗೋಡೆನೇ."

ಪೇದೆ ಬೊಯೆತ್ ಬರೆಯುವುದನ್ನು ನಿಲ್ಲಿಸಿದ. "ಎಫ್‌ಐಆರ್‌ನಲ್ಲಿ ಏನಂತ ಹಾಕಲಿ? ಕಳವಾದ ಮಾಲು, ಕೋಟೆ?"

"ಹವಳಗಲ್ಲು ಅಂತ ಹಾಕು," ಅಂದಳು ನೊರಿಂದಾ. "ನಗು ಆಮೇಲೆ."

ಕಡಲಿಗೆ ಮುಖ ಮಾಡಿದ ಹಿಂಬದಿ ಕೊತ್ತಳವನ್ನು ಕಾಡುಬಳ್ಳಿ ಮುಚ್ಚಿತ್ತು. ಬಳ್ಳಿ ಸರಿಸಿದರೆ ಹಲ್ಲು ಉದುರಿದ ಬಾಯಿಯಂತೆ ಗೋಡೆ. ಕಲ್ಲುಗಳು ಒಂದೇ ದಿನ ಹೋದವಲ್ಲ. ಕೆಲವು ಗೂಡುಗಳಲ್ಲಿ ಪಾಚಿ ಕಟ್ಟಿತ್ತು, ಒಂದರಲ್ಲಿ ಸುಣ್ಣ ಇನ್ನೂ ಬೆಳ್ಳಗಿತ್ತು. ಆ ಹೊಸ ಗೂಡಿನಲ್ಲಿ ಬಾಳೆಲೆಯ ಪೊಟ್ಟಣ, ಒಳಗೆ ಅನ್ನ, ಕೋಳಿಯ ಒಂದು ತುಂಡು. ಶಾಲೆಯ ಮೇಷ್ಟ್ರನ್ನೂ ಮೀನು ಮಾರುವ ಹೆಂಗಸನ್ನೂ ಪಂಚರಾಗಿ ನಿಲ್ಲಿಸಿ ನೊರಿಂದಾ ಪಂಚನಾಮೆ ಬರೆಸಿದಳು. ಬೊಯೆತ್ ಒಂದು ಅಗುಳನ್ನು ನಾಲಿಗೆಗೆ ಮುಟ್ಟಿಸಿಕೊಂಡ.

"ನಿನ್ನೆಯದು. ಹಳಸೋಕೆ ಶುರುವಾಗಿದೆ. ಉಪ್ಪು ಮಾತ್ರ ಇಲ್ಲ."

ತಿಯೋದುಲೋ ಶಿಲುಬೆಯ ಗುರುತು ಹಾಕಿಕೊಂಡ. "ಅಯ್ಯೋ ನಿನ್ನ, ಸತ್ತವರ ಪಾಲು ಕಣೋ ಅದು. ಉಪ್ಪಿಲ್ಲದ್ದು ಅವರಿಗೇ ಇಡೋದು."

ಬೊಯೆತ್ ಮೂರು ಸಲ ಉಗಿದ.

"ನಿನ್ನೆ ಬೆಳಿಗ್ಗೆ ನೀನೆಲ್ಲಿದ್ದೆ?" ನೊರಿಂದಾ ಕಾವಲುಗಾರನನ್ನು ಕೇಳಿದಳು.

"ಭಾನುವಾರ ತಾನೆ, ಚರ್ಚಿನ ಬಲಿಪೂಜೆಯಲ್ಲಿ. ಇಡೀ ಊರು ಅಲ್ಲೇ ಇತ್ತು. ನೀವೂ ಇದ್ರಿ, ನಿದ್ದೆ ಮಾಡ್ತಿದ್ರಿ."

ಮಧ್ಯಾಹ್ನ ಪ್ರಾಂತದ ಪರಂಪರೆ ಇಲಾಖೆಯ ಅಧಿಕಾರಿ ವಿಯ್ಯಾರೋಸಾ ಫೋನ್ ಮಾಡಿದ. ಹೊಸ ರೆಸಾರ್ಟ್ ಕಟ್ಟುವವರದೇ ಕೆಲಸ, ಪ್ರತಿಯೊಂದು ಕಲ್ಲೂ ಗೋಡೆಗೆ ವಾಪಸ್ ಬರಬೇಕು ಎಂದ. ನೊರಿಂದಾ ರೆಸಾರ್ಟಿನ ಅಂಗಳವನ್ನೆಲ್ಲ ಜಾಲಾಡಿಸಿದಳು. ಸಿಕ್ಕಿದ್ದು ಸಿಮೆಂಟ್ ಇಟ್ಟಿಗೆ. ಅಲ್ಲದೆ ಕಲ್ಲು ಮಾರುವವನು ಸತ್ತವರಿಗೆ ಎಡೆ ಇಡುವುದಿಲ್ಲ. ಕೋಟೆಯಿಂದ ಹೊರಡುವ ಒಂದೇ ರಸ್ತೆ ಚರ್ಚಿನ ಬಾಗಿಲ ಮುಂದೆಯೇ ಹಾದುಹೋಗುತ್ತದೆ. ಕಲ್ಲು ಕಡಲ ಕಡೆಯಿಂದಲೇ ಹೋಗಿರಬೇಕು, ಅದೂ ಪೂಜೆಗೆ ಬಾರದವರ ದೋಣಿಯಲ್ಲಿ.

ಮಂಗಳವಾರ ಇಬ್ಬರೂ ದಂಡೆಯ ದೋಣಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ನೀಲಿ ಬಣ್ಣದ ಒಂದು ಸಣ್ಣ ದೋಣಿಗೆ ಮಗುಚದಂತೆ ಪಕ್ಕದಲ್ಲಿ ಕಟ್ಟಿದ ತೇಲುಬಿದಿರು ನಡುವಿನಲ್ಲಿ ಸವೆದಿತ್ತು. ಬಲೆಯ ಹಗ್ಗಕ್ಕೆ ಅಷ್ಟು ಸವೆಯುವುದಿಲ್ಲ.

"ನನಾಯ್ ಇಲುಮಿನಾದಾದು," ಅಂದ ಬೊಯೆತ್, ದನಿ ತಗ್ಗಿಸಿ. "ಮೂರು ವರ್ಷದಿಂದ ಚರ್ಚಿಗೆ ಕಾಲಿಟ್ಟಿಲ್ಲ. ಚಂಡಮಾರುತ ಮಗಳನ್ನ ಎಳಕೊಂಡು ಹೋದಮೇಲೆ ದೇವರ ಮೇಲೆ ಸಿಟ್ಟು ಅಂದ್ಕೊಂಡಿದ್ವಿ."

ಆ ಹುವಾನ್‌ನ ವಂಶದ ಇಲುಮಿನಾದಾ ಕಬಾಹುಗ್ ಊರಿಗೆಲ್ಲ ನನಾಯ್, ಅಂದರೆ ಅಮ್ಮ. ಗುಡಿಸಲ ಮುಂದೆ ಕುಳಿತು ಕಡಲಮುಳ್ಳೆಂಬ ಮುಳ್ಳುಚೆಂಡಿನಂಥ ಜೀವಿಯ ಚಿಪ್ಪು ಒಡೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ಕೋಟೆ ಕಲ್ಲು ತೆಗೆದದ್ದು ನೀನಾ?"

"ಹೂಂ."

"ಒಪ್ಕೊಳ್ತೀಯಾ?"

"ಒಪ್ಕೊಳ್ಳೋದೇನು ಬಂತು. ಕೇಳಿದೆ, ಹೇಳಿದೆ. ಇಷ್ಟು ದಿನ ಯಾರೂ ಕೇಳ್ಲಿಲ್ಲ."

"ಯಾರಿಗೆ ಮಾರಿದೆ?"

ಮುದುಕಿ ಕತ್ತಿ ಕೆಳಗಿಟ್ಟಳು. "ಬಾ, ತೋರಿಸ್ತೀನಿ. ಈಜು ನೆನಪಿದೆ ತಾನೆ ಮಗಳೇ, ಇಲ್ಲಾ ಜೀಪು ಓಡ್ಸೋದೊಂದೇನಾ?"

ದೋಣಿ ಹವಳದ ದಿಬ್ಬದ ಕಂಡಿಯ ಮೇಲೆ ನಿಂತಿತು. ಅಲೆ ದಂಡೆಗೆ ನೇರ ನುಗ್ಗುವ ಜಾಗ ಅದು; ಆ ಚಂಡಮಾರುತದಲ್ಲಿ ಒಂದು ಸಾಲು ಮನೆಗಳನ್ನು ತಿಂದ ನೀರು ಬಂದದ್ದು ಇಲ್ಲಿಂದಲೇ.

"ಕಡಲ್ಗಳ್ಳರು ಬರ್ತಾರೆ, ನಿಮ್ಮ ರಕ್ಷಣೆಗೆ ಕೋಟೆ ಅಂತ ಚಾಟಿ ಹಿಡಿದು ನಮ್ಮೋರ ಕೈಲೇ ಇದನ್ನ ಕಡಿಸಿದ್ರು," ಅಂದಳು ಇಲುಮಿನಾದಾ. "ಅಲ್ಲೀವರೆಗೂ ಕಳ್ಳರ ದೋಣಿ ಈ ದಿಬ್ಬ ದಾಟ್ತಿರ್ಲಿಲ್ಲ. ಕೋಟೆ ಎದ್ದಮೇಲೆ ಇದೇ ಕಂಡೀಲಿ ನೆಂಟರ ಹಾಗೆ ಬಂದ್ರು. ಸ್ಪೇನಿನವರು ಒಳಗೆ ಬಾಗಿಲು ಹಾಕ್ಕೊಂಡ್ರು, ನಮ್ಮೋರು ಹೊರಗೇ ಉಳಿದ್ರು. ಗೋಡೆ ಮೇಲೆ ಇವತ್ತಿಗೂ 'ಜನರ ರಕ್ಷಣೆಗಾಗಿ' ಅಂತ ಫಲಕ ಇದೆ. ಓದಿದ್ದೀಯಲ್ಲ."

"ಇಲಾಖೆಯ ಕಚೇರಿಯಲ್ಲಿ ಕೇಳಬಹುದಿತ್ತು."

"ಕೇಳ್ದೆ. ಕಲ್ಲು ಪರಂಪರೆ, ಮುಟ್ಬೇಡ ಅಂದ್ರು. ಕಲ್ಲು ಪರಂಪರೆ ಆದ್ರೆ ನನ್ನ ಮಗಳು ಏನು ಅಂತ ಕೇಳ್ದೆ. ಅದಕ್ಕೆ ಬೇರೆ ಇಲಾಖೆ ಅಂದ್ರು."

ಬೊಯೆತ್ ನೀರನ್ನೇ ನೋಡುತ್ತಿದ್ದ. "ಒಬ್ಬಳೇ ಹೇಗೆ ಹೊತ್ತೆ, ನನಾಯ್?"

"ಗೋಡೆಯಿಂದ ದಡಕ್ಕೆ ಬಿದಿರ ಮೇಲೆ ಉರುಳಿಸೋದು. ಇಳಿತದಲ್ಲಿ ದೋಣಿಗೆ ಬಿಗಿಯೋದು. ಉಬ್ಬರ ಎತ್ಕೊಳ್ಳತ್ತೆ, ಕಂಡಿ ಮೇಲೆ ಬಂದು ಹಗ್ಗ ಬಿಚ್ಚೋದು. ಹೊತ್ತದ್ದು ಕಡಲು ಕಣೋ, ಅದಕ್ಕೂ ಕೋಳ ಹಾಕು."

ನೊರಿಂದಾ ಬೂಟು ಬಿಚ್ಚಿ, ಮುದುಕಿ ಮುಳುಗಲು ಬಳಸುವ ಗಾಜಿನ ಕನ್ನಡಕ ಕಟ್ಟಿಕೊಂಡು ನೀರಿಗಿಳಿದಳು. ಕಂಡಿಯ ಎರಡೂ ಕಡೆಯಿಂದ ಕಲ್ಲುಗಳು ಒಂದಕ್ಕೊಂದು ಬಿಗಿಯಾಗಿ ಕೂತು ಬಂದಿದ್ದವು. ನಡುವೆ ಒಂದು ದೋಣಿಯಷ್ಟು ಅಗಲ ಮಾತ್ರ ಬಾಕಿ. ಹಳೆಯ ಕಲ್ಲುಗಳ ಮೇಲೆ ನಾಣ್ಯದಗಲ ಕಂದು, ನೇರಳೆ ಮಚ್ಚೆಗಳು. ಬೆರಳು ಹತ್ತಿರ ಒಯ್ದಳು, ಮುಟ್ಟಲಿಲ್ಲ. ಜೀವಂತ ಹವಳ.

ಸಂಜೆ ನಾಲ್ಕಕ್ಕೆ ಇಲುಮಿನಾದಾಳ ಬಂಧನ ದಾಖಲಾಯಿತು. ಕೋಳ ತೊಡಿಸಲು ಬೊಯೆತ್ ಹಿಂದೆಮುಂದೆ ನೋಡಿದ. ಅವಳೇ ಕೈ ಚಾಚಿದಳು. "ಹಾಕು ಮಗಾ. ಉಪ್ಪಿಲ್ಲದ ಅನ್ನ ತಿಂದವನು ನೀನು, ಸತ್ತವರು ಮೊದಲು ನಿನ್ನನ್ನೇ ವಿಚಾರಿಸ್ಕೊಳ್ತಾರೆ."

ಬುಧವಾರ ವಿಯ್ಯಾರೋಸಾ ಕ್ರೇನ್ ಕಟ್ಟಿದ ದೊಡ್ಡ ದೋಣಿಯಲ್ಲೇ ಬಂದಿಳಿದ.

"ಆರೋಪಿ ಒಪ್ಪಿದ್ದಾಳೆ. ಕಲ್ಲೆಲ್ಲ ಇವತ್ತೇ ಮೇಲೆತ್ತಿಸಿ."

ನೊರಿಂದಾ ನೀರಿನೊಳಗೆ ಕಂಡದ್ದರ ಪಂಚನಾಮೆಯನ್ನು ಅವನ ಮುಂದಿಟ್ಟಳು. "ಕಲ್ಲುಗಳ ಮೇಲೆ ಹವಳ ಬೆಳೆದಿದೆ, ಸರ್. ಹೊಸವು ಹಳೆಯವುಗಳ ನಡುವೆ ಸಿಕ್ಕಿಕೊಂಡಿವೆ. ಒಂದನ್ನ ಎಳೆದರೂ ಹವಳ ಒಡೆಯತ್ತೆ. ಜೀವಂತ ಹವಳ ಕೀಳೋದು ಮೀನುಗಾರಿಕೆ ಕಾಯ್ದೆಯಲ್ಲಿ ಅಪರಾಧ."

"ಇದು ನನ್ನ ಇಲಾಖೆಯ ಸ್ವತ್ತು."

"ಆಗಲಿ. ಕ್ರೇನ್ ನಡೆಸೋರ ಹೆಸರು, ಆದೇಶ ಹೊರಡಿಸಿದವರ ಹೆಸರು ಹೇಳಿ. ಇನ್ನೊಂದು ಎಫ್‌ಐಆರ್ ತೆಗೆದಿಟ್ಟಿದ್ದೀನಿ."

"ನೀವು ಯಾರ ಕಡೆ, ಇನ್‌ಸ್ಪೆಕ್ಟರ್?"

"ಕಾನೂನಿನ ಕಡೆ. ಅವಳು ಲಾಕಪ್ಪಿನಲ್ಲಿದ್ದಾಳೆ, ನೋಡ್ಬಹುದು. ಕಲ್ಲು ಮಾತ್ರ ಅಲ್ಲೇ ಇರತ್ತೆ."

ಕ್ರೇನ್ ಅದೇ ಉಬ್ಬರಕ್ಕೆ ವಾಪಸಾಯಿತು. ನೊರಿಂದಾ ಆರೋಪಪಟ್ಟಿ ಬರೆಯಲು ಕುಳಿತಳು. ಉದ್ದೇಶದ ಕಾಲಂನಲ್ಲಿ ಲಾಭ ಎಂದಾಗಲಿ ದ್ವೇಷ ಎಂದಾಗಲಿ ಹಾಕಲು ಕೈ ಬರಲಿಲ್ಲ. 'ಕಂಡಿ ಮುಚ್ಚಲು' ಎಂದು ಬರೆದಳು.

"ಇನ್ನು ಒಂದೇ ದೋಣಿಯಗಲ ಬಾಕಿ ಇತ್ತು," ಅಂದಳು ಸರಳಿನ ಹಿಂದಿನಿಂದ ಇಲುಮಿನಾದಾ. ದೂರಲಿಲ್ಲ, ಬೇಡಲಿಲ್ಲ. ನೊರಿಂದಾ ಕೇಳಿಸದವಳಂತೆ ಬರೆದಳು.

ಮಾರ್ಚ್ ಹದಿನೇಳರ ಭಾನುವಾರ ನೊರಿಂದಾ ಬಲಿಪೂಜೆಗೆ ಹೋದಾಗ ಚರ್ಚಿನಲ್ಲಿ ಪಾದ್ರಿ ಇದ್ದರು, ಮೇಷ್ಟ್ರ ಮುದಿ ತಾಯಿ ಇದ್ದಳು, ಬಾಗಿಲಲ್ಲೊಂದು ನಾಯಿ ಮಲಗಿತ್ತು. ಪಾದ್ರಿ ಖಾಲಿ ಬೆಂಚುಗಳಿಗೇ ಪೂರ್ತಿ ಪ್ರವಚನ ಹೇಳಿದರು. ನೊರಿಂದಾ ಈ ಸಲ ನಿದ್ದೆ ಮಾಡಲಿಲ್ಲ; ಕಡಲ ಕಡೆಯ ಕಿಟಕಿಯತ್ತ ತಿರುಗಿಯೂ ನೋಡಲಿಲ್ಲ.

ಸೋಮವಾರ ಎಂಟೂವರೆಗೆ ತಿಯೋದುಲೋ ಠಾಣೆಗೆ ಬಂದ. ಅವನ ಹೆಗಲ ಮೇಲೆ ಬಿಳಿ ಸುಣ್ಣದ ಪುಡಿ ಹತ್ತಿತ್ತು.

"ಇನ್ನಷ್ಟು ಕಲ್ಲು ಹೋಗಿವೆ, ಮೇಡಂ."

"ದೂರು ಕೊಡ್ತೀಯಾ?"

"ಇಲ್ಲ. ನನಾಯ್‌ಗೆ ಹೇಳಿ ಹೋಗೋಣ ಅಂತ ಬಂದೆ."

ನೊರಿಂದಾ ಲಾಕಪ್ಪಿನ ಕಡೆ ಕೈ ತೋರಿಸಿದಳು. ಹುವಾನ್ ಕಬಾಹುಗ್ ಕೊಟ್ಟಿದ್ದ ಮಾತು ನಡೆಯಿತು. ಕಂಡಿ ಮುಚ್ಚಿತ್ತು.