ಕೌದಿ ಹೊದ್ದ ಕಂಪ್ಯೂಟರ್

ಕೌದಿಯ ಒಂದು ತುದಿಯನ್ನು ದಾಕ್ಷಾಯಣಿ ಕಂಪ್ಯೂಟರಿನ ಹಿಂದಕ್ಕೆ ತುರುಕಿದಳು. ಇನ್ನೊಂದು ತುದಿ ಮುಂದಕ್ಕೆ ಜಾರಿತು. ಅದನ್ನು ಎಳೆದು, ಮಗುವಿಗೆ ಹೊದಿಸಿದ ಹಾಗೆ ಎರಡೂ ಪಕ್ಕಕ್ಕೆ ಒತ್ತಿ ಮಡಚಿದಳು. ಕೆಳಗಿನ ದೊಡ್ಡ ಪೆಟ್ಟಿಗೆ ಪೂರ್ತಿ ಮುಚ್ಚಿಹೋಯಿತು. ಅದರ ಮೇಲೆ ಕೂತಿದ್ದ ಟಿವಿಯಂಥ ಪರದೆ ಮಾತ್ರ ಹೊರಗೆ ಉಳಿಯಿತು.

ಗುಂಯ್ ಎನ್ನುತ್ತಿದ್ದ ಸದ್ದು ತಗ್ಗಿತು. ಪಕ್ಕದ ಮನೆಯಲ್ಲಿ ಯಾರೋ ಗೊರಕೆ ಹೊಡೆಯುತ್ತಿದ್ದಾರೇನೋ ಅನ್ನುವಷ್ಟಾಯಿತು.

"ಅಮ್ಮಾ, ಕೇಳಿಸ್ತಿದ್ಯಾ?"

"ಏನು?" ಅಡುಗೆಮನೆಯಿಂದ ಅಮ್ಮ ಕೇಳಿದಳು.

"ಏನೂ ಕೇಳಿಸ್ತಿಲ್ಲ ಅಲ್ವಾ?"

"ಏನೂ ಕೇಳಿಸ್ತಿಲ್ಲ ಅಂತ ಹೇಳೋಕೆ ನನ್ನ ಕರೀಬೇಕಿತ್ತಾ? ಕೈಯೆಲ್ಲ ಹಿಟ್ಟಾಗಿದೆ ಕಣೇ."

ದಾಕ್ಷಿಗೆ ಅಷ್ಟು ಸಾಕಿತ್ತು. ಗಣಿತದ ಪುಸ್ತಕ ಹಿಡಿದು ಅಲ್ಲೇ ನೆಲದ ಮೇಲೆ ಕೂತಳು.

ಆ ವರ್ಷ ವಿಜಯನಗರದ ಅವರ ಬೀದಿಯಲ್ಲಿ ಫೋನ್ ಇದ್ದದ್ದೇ ಅಪರೂಪ. ಕಂಪ್ಯೂಟರ್ ಇದ್ದದ್ದು ಇವರ ಮನೆಯಲ್ಲಿ ಮಾತ್ರ. ಅದೂ ಇವರದಲ್ಲ. ಅಪ್ಪ ಗುರುಬಸಪ್ಪ ರಾಜಾಜಿನಗರದ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸಕ್ಕಿದ್ದ. ಸ್ಟೋರಿನ ಲೆಕ್ಕವೆಲ್ಲ ಇನ್ನು ಮೇಲೆ ಕಂಪ್ಯೂಟರಿನಲ್ಲೇ ಅಂತ ಮ್ಯಾನೇಜರು ಹೇಳಿದ್ದರು. ಕಲಿಯುವುದಕ್ಕೆ ಹಗಲು ಪುರುಸೊತ್ತು ಸಿಗದೆ, ಅಪ್ಪ ಮಷಿನನ್ನೇ ಆಟೋದಲ್ಲಿ ಮನೆಗೆ ತಂದಿದ್ದ. ನಡುಮನೆಯಲ್ಲಿ ದೇವರ ಗೂಡಿನ ಕೆಳಗೆ ಕಬ್ಬಿಣದ ಟೇಬಲ್ ಹಾಕಿ, ಗೋಡೆಗೆ ಒತ್ತಿ ಇಟ್ಟಿದ್ದ.

ನಡುಮನೆ ಬಸವ್ವಜ್ಜಿಯ ಜಾಗ. ಅವಳು ಬತ್ತಿ ಹೊಸೆಯುವುದು ಅಲ್ಲಿ, ಮಲಗುವುದು ಅಲ್ಲಿ, ಕತೆ ಹೇಳುವುದೂ ಅಲ್ಲಿ.

ದೀಪಾವಳಿಗೆ ಮುಂಚೆ ಅಜ್ಜಿ ತನ್ನ ಸೀರೆಗಳನ್ನು ಚೀಲಕ್ಕೆ ತುಂಬಿಕೊಂಡಿದ್ದಳು. "ಆ ಪೆಟ್ಟಿಗಿ ಗುಂಯ್ ಅಂತೈತಿ. ನನಗ ನಿದ್ದಿ ಹತ್ತೂದಿಲ್ಲಪಾ. ಸಿದ್ದಬಸ್ಯಾನ ಮನಿಗೆ ಹೋಕ್ಕೀನಿ" ಅಂದಿದ್ದಳು. ಸಿದ್ದಬಸಪ್ಪ ದಾಕ್ಷಿಯ ಕಾಕಾ. ಅವನ ಮನೆ ಕೆಂಗೇರಿಯಲ್ಲಿ.

"ಸ್ವಲ್ಪ ದಿನ ಇದ್ದು ಬಾ ಅವ್ವಾ" ಅಂದಿದ್ದ ಅಪ್ಪ.

ಹಳೆಯ ಸೀರೆ ತುಂಡುಗಳನ್ನು ಸೇರಿಸಿ ತಾನೇ ಹೊಲಿದ ಕೌದಿಯನ್ನು ಮಾತ್ರ ಅಜ್ಜಿ ಒಯ್ದಿರಲಿಲ್ಲ. "ಇರಲಿ ಬಿಡ" ಅಂದಿದ್ದಳು. ದಾಕ್ಷಿ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ವಾಪಸು ಬರುವವರು ತಾನೇ ಹೊದಿಕೆ ಬಿಟ್ಟು ಹೋಗುವುದು? ಸದ್ದು ನಿಂತರೆ ಅಜ್ಜಿ ಬರುತ್ತಾಳೆ. ಕೌದಿಯೂ ಅಲ್ಲೇ ಕೈಗೆ ಸಿಕ್ಕಿತ್ತು.

ಮೂರನೆಯ ಲೆಕ್ಕಕ್ಕೆ ಬರುವಷ್ಟರಲ್ಲಿ ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಯ ಮೇಲೆ ಮರೆತಾಗ ಬರುವಂಥ ವಾಸನೆ ಬಂತು.

"ಏನೇ ಅದು ಸುಡ್ತಿರೋದು?" ಅಮ್ಮ ಕೂಗಿದಳು.

ಪರದೆಯ ಮೇಲಿನ ಹಸಿರು ಅಕ್ಷರಗಳು ಒಮ್ಮೆ ನಡುಗಿ ಆರಿಹೋದವು. ಸದ್ದೂ ನಿಂತಿತು. ಈ ಸಲ ಪೂರ್ತಿ ನಿಂತಿತು. ದಾಕ್ಷಿ ಕೌದಿ ಎಳೆದಳು. ಒಳಗಿನ ಪೆಟ್ಟಿಗೆ ಒಲೆಯಿಂದ ಇಳಿಸಿದ ಪಾತ್ರೆಯಂತೆ ಸುಡುತ್ತಿತ್ತು. ಅಮ್ಮ ಹಿಟ್ಟಿನ ಕೈಯಲ್ಲೇ ಓಡಿಬಂದು, ಮೊಣಕೈಯಿಂದ ಗೋಡೆಯ ಸ್ವಿಚ್ ಆರಿಸಿದಳು.

ಅಪ್ಪ ಕ್ಷೌರಕ್ಕೆ ಹೋಗಿದ್ದ. ಸ್ಟೋರಿನ ಸಾಮಾನುಗಳ ಹೆಸರನ್ನೆಲ್ಲ ಕ್ರಮವಾಗಿ ಜೋಡಿಸುವ ಕೆಲಸವನ್ನು ಮಷಿನಿಗೆ ಹಚ್ಚಿ, ಬರುವಷ್ಟರಲ್ಲಿ ಮುಗಿದಿರುತ್ತದೆ ಎಂದುಕೊಂಡು ಹೋಗಿದ್ದ. ಕಿವಿಯ ಮೇಲೆ ಕೂದಲ ಚೂರು ಅಂಟಿಸಿಕೊಂಡೇ ಬಂದವನು ಬಾಗಿಲಲ್ಲಿ ನಿಂತ.

"ಯಾರು ಮುಚ್ಚಿದ್ದು?"

"ನಾನು."

"ಯಾಕೆ?"

"ಸದ್ದು ಮಾಡ್ತಿತ್ತು."

"ಸದ್ದು ಮಾಡಿದ್ರೆ ಮೂಗು ಬಾಯಿ ಮುಚ್ತಾರಾ? ನೀನು ದಿನಾ ಮಾಡ್ತೀಯ, ನಾನು ಯಾವತ್ತಾದ್ರೂ ಕೌದಿ ತುರುಕಿದೀನಾ? ಅದು ಉಸಿರಾಡೋದು ಹಿಂದಿನಿಂದ. ಬಿಸಿ ಅಲ್ಲಿಂದ ಹೊರಗೆ ಹೋಗ್ಬೇಕು." ಪೆಟ್ಟಿಗೆಯ ಮೇಲೆ ಕೈಯಿಟ್ಟು ತೆಗೆದ. "ಆಫೀಸಿನ ಮಷಿನು ಕಣೇ ಇದು. ಸುಟ್ಟುಹೋಗಿದ್ರೆ ನಾಳೆ ಯಾವ ಮುಖ ಹೊತ್ಕೊಂಡು ಹೋಗ್ಲಿ ನಾನು?"

ದಾಕ್ಷಿ ಕೌದಿಯನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದಳು. ಅದರ ಒಂದು ಮೂಲೆ ಕಂದು ಬಣ್ಣಕ್ಕೆ ತಿರುಗಿತ್ತು.

"ಸದ್ದಿಗೆ ಅಜ್ಜಿಗೆ ನಿದ್ದೆ ಬರಲ್ಲವಲ್ಲ" ಅಂದಳು.

"ಅಜ್ಜಿ ಇಲ್ಲೆಲ್ಲಿದಾಳೆ ಈಗ?"

"ಅದಕ್ಕೇ."

ಅಪ್ಪ ಕಿವಿಯ ಮೇಲಿನ ಕೂದಲ ಚೂರು ಒರೆಸಿಕೊಂಡ. ಸ್ನಾನಕ್ಕೆ ಹೋದ.

ಮಧ್ಯಾಹ್ನ ಊಟವಾದ ಮೇಲೆ ವೈರುಗಳನ್ನೆಲ್ಲ ಕಿತ್ತು, ಪೆಟ್ಟಿಗೆಯನ್ನು ಚಾಪೆಯ ಮೇಲೆ ಇಳಿಸಿದ. ಅದು ತಣ್ಣಗಾಗಿತ್ತು. "ನೀನು ಏನೂ ಮುಟ್ಟಬೇಡ. ದೂರ ನಿಂತು ಟಾರ್ಚ್ ಹಿಡಿ" ಅಂದ.

ಸ್ಕ್ರೂಗಳು ಒಂದೊಂದಾಗಿ ಅಮ್ಮನ ಉಪ್ಪಿನಕಾಯಿ ತಟ್ಟೆಗೆ ಬಿದ್ದವು. ಒಳಗೆ ಸಣ್ಣ ಸಣ್ಣ ದೀಪಗಳಿರುತ್ತವೆ ಅಂದುಕೊಂಡಿದ್ದಳು ದಾಕ್ಷಿ. ಇದ್ದದ್ದು ಧೂಳು. ಹಿಂಬದಿಯಲ್ಲಿ ಅವಳ ಅಂಗೈಯಷ್ಟಗಲದ ಫ್ಯಾನ್ ಇತ್ತು. ಅದರ ರೆಕ್ಕೆಗಳಿಗೆ ಬೆಳ್ಳಗೆ ಏನೋ ಸುತ್ತಿಕೊಂಡಿತ್ತು.

ಅಪ್ಪ ಅಮ್ಮನ ಹೇರ್‌ಪಿನ್ನಿನಿಂದ ಅದನ್ನು ಎಳೆದ. ಎಳೆದಷ್ಟೂ ಬಂತು.

"ಹತ್ತಿ" ಅಂದಳು ದಾಕ್ಷಿ.

"ಅವ್ವನ ಹತ್ತಿ" ಅಂದ ಅಪ್ಪ. ಅವನಿಗೆ ನಗು ಬಂತು. "ದಿನಾ ಇದರ ಪಕ್ಕದಲ್ಲೇ ಕೂತು ಬತ್ತಿ ಹೊಸೀತಿದ್ಲಲ್ಲ, ಕಂಪ್ಯೂಟರಿಗೂ ಬತ್ತಿ ಇಟ್ಟಿದಾಳೆ ನೋಡು."

"ಹಾಗಾದ್ರೆ ಸದ್ದು ಅಜ್ಜಿಯಿಂದಾನೇ ಬರ್ತಿತ್ತಾ?"

"ಒಂದಿಷ್ಟು. ಫ್ಯಾನಿನ ಎಣ್ಣೆ ಬೇರೆ ಒಣಗಿದೆ. ಟೇಬಲ್ಲೂ ತಗಡು, ಅದು ಬೇರೆ ನಡುಗುತ್ತೆ."

ಅಮ್ಮ ತನ್ನ ಹೊಲಿಗೆ ಮಿಷನ್ನಿನ ಎಣ್ಣೆ ಶೀಶೆ ತಂದುಕೊಟ್ಟಳು. "ಒಂದೇ ತೊಟ್ಟು. ನನ್ನ ಮಿಷನ್ನಿಗೆ ಇರೋದೇ ಅಷ್ಟು."

ದಾಕ್ಷಿ ಹೊಸಹಳ್ಳಿ ಕಡೆಯ ಮುನಿಯಣ್ಣನ ಸೈಕಲ್ ಅಂಗಡಿಗೆ ಓಡಿದಳು. ಹಳೆಯ ಟ್ಯೂಬಿನ ನಾಲ್ಕು ತುಂಡು ತರಲು ಅಪ್ಪ ಹೇಳಿದ್ದ.

"ಯಾವ ಸೈಕಲ್ಲಿಗೆ ಪುಟ್ಟಿ?"

"ಸೈಕಲ್ಲಿಗಲ್ಲಣ್ಣ, ಕಂಪ್ಯೂಟರಿಗೆ."

ಮುನಿಯಣ್ಣ ಕತ್ತರಿ ಹಿಡಿದು ಯೋಚಿಸಿದ. "ಅದೂ ಪಂಕ್ಚರ್ ಆಗುತ್ತಾ?"

"ಇಲ್ಲ, ಟೇಬಲ್ ಮೇಲೆ ಗಡಗಡ ಅನ್ನುತ್ತೆ. ಕಾಲಿನ ಕೆಳಗೆ ಇಡೋಕೆ."

"ಚಪ್ಪಲಿ ಅನ್ನು. ಗಾಳಿ ಹೊಡೀಬೇಕಾದ್ರೂ ಕರ್ಕೊಂಡ್ ಬಾ, ಹೊಡ್ಕೊಡ್ತೀನಿ."

ಸಂಜೆ ಪೆಟ್ಟಿಗೆ ಮತ್ತೆ ಟೇಬಲ್ ಏರಿತು. ಈ ಸಲ ಗೋಡೆಯಿಂದ ಒಂದು ಗೇಣು ಮುಂದೆ, ಕೆಳಗೆ ನಾಲ್ಕು ರಬ್ಬರು ತುಂಡು. ಅಪ್ಪ ದೇವರ ಗೂಡಿನ ಕಡೆ ಒಮ್ಮೆ ನೋಡಿ ಸ್ವಿಚ್ ಒತ್ತಿದ.

ಹಸಿರು ಅಕ್ಷರಗಳು ಬಂದವು. ಸದ್ದು ಕೇಳಬೇಕೆಂದರೆ ಕಿವಿ ಹತ್ತಿರ ಒಯ್ಯಬೇಕಿತ್ತು. ಹಿಂದೆ ಕೈಯಿಟ್ಟರೆ ಬೆಚ್ಚನೆಯ ಗಾಳಿ ಅಂಗೈಗೆ ತಾಗುತ್ತಿತ್ತು.

"ಬರೋ ಭಾನುವಾರ ಕೆಂಗೇರಿಗೆ ಹೋಗೋಣ" ಅಂದಳು ದಾಕ್ಷಿ.

"ಹೋಗೋಣ" ಅಂದ ಅಪ್ಪ. ಆಗಲೇ ಅವನು ಸಾಮಾನಿನ ಹೆಸರುಗಳಿಗೆ ಮರಳಿದ್ದ. ಎಲ್ಲವನ್ನೂ ಮೊದಲಿನಿಂದ ಜೋಡಿಸಬೇಕಿತ್ತು.

ಆ ವಾರವೆಲ್ಲ ಮನೆ ಸುಮ್ಮನಿತ್ತು. ಎಷ್ಟು ಸುಮ್ಮನೆ ಎಂದರೆ, ಮೇಲಿನ ಮನೆಯವರು ಕುರ್ಚಿ ಎಳೆದರೂ ಕೇಳಿಸುತ್ತಿತ್ತು. ಗೋಡೆಯ ಪಕ್ಕದಲ್ಲಿ, ಅಜ್ಜಿ ಒರಗಿ ಒರಗಿ ಎಣ್ಣೆಯ ಕಲೆಯಾದ ಜಾಗ ಹಾಗೇ ಇತ್ತು. ದಾಕ್ಷಿ ಶಾಲೆಯಿಂದ ಬಂದವಳು ಅಲ್ಲಿ ಕೂತು ನೋಡಿದಳು. ಅವಳ ತಲೆ ಕಲೆಯವರೆಗೆ ತಲುಪಲಿಲ್ಲ.

ಒಂದು ಸಂಜೆ ಅಪ್ಪ ಕೀಲಿಗಳನ್ನು ಒತ್ತುತ್ತಿದ್ದ. ದಾಕ್ಷಿ ಯಾವತ್ತಿನ ಹಾಗೆ ಕುರ್ಚಿಯ ಹಿಂದೆ ನಿಂತು ಹಸಿರು ಅಕ್ಷರಗಳನ್ನು ನೋಡುತ್ತಿದ್ದಳು.

"ರೀ, ಗ್ಯಾಸ್ ಬುಕ್ ಮಾಡಿದ್ರಾ?" ಅಂದಳು ಅಮ್ಮ. ಉತ್ತರವಿಲ್ಲ. "ರೀ." ಇಲ್ಲ. ಅಮ್ಮ ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತಿದ್ದು ಒಳಗೆ ಹೋದಳು.

ಸದ್ದೇ ಇರಲಿಲ್ಲ. ಅಪ್ಪನಿಗೆ ಯಾಕೆ ಕೇಳಿಸಲಿಲ್ಲ ಅಂತ ದಾಕ್ಷಿಗೆ ಅರ್ಥವಾಗಲಿಲ್ಲ.

ಆಗ ಅವಳಿಗೆ ಅಜ್ಜಿ ಹೇಳುತ್ತಿದ್ದ ಕೊನೆಯ ಕತೆ ನೆನಪಾಯಿತು. ಕುಂಬಾರಾಕಿಯ ಕತ್ತೆ ಗಡಿಗೆ ಹೊತ್ತು ಒಬ್ಬಂಟಿಯಾಗಿ ಸಂತೆಗೆ ಹೊರಟಿತ್ತು. ಅದು ಹಳ್ಳದ ದಂಡೆಗೆ ಬಂದಲ್ಲಿ ಕತೆ ನಿಂತುಹೋಗಿತ್ತು. ಅಜ್ಜಿಗೆ ಸುಸ್ತಾಗಿರಬೇಕು ಅಂದುಕೊಂಡಿದ್ದಳು ಆವತ್ತು. ಆವತ್ತೂ ದಾಕ್ಷಿ ನಿಂತದ್ದು ಇಲ್ಲೇ, ಕುರ್ಚಿಯ ಹಿಂದೆ.

ಭಾನುವಾರ ಬಸ್ಸಿನಲ್ಲಿ ದಾಕ್ಷಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. ದಾರಿಯುದ್ದಕ್ಕೂ ಅಜ್ಜಿಗೆ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಹೇಳಿಕೊಂಡಳು. ಅಜ್ಜಿ ಚೀಲ ತುಂಬಿಕೊಂಡರೆ ವಾಪಸು ಹೋಗುವಾಗ ಕಿಟಕಿಯ ಸೀಟು ಅವಳಿಗೇ ಕೊಡುವುದು ಎಂದೂ ತೀರ್ಮಾನಿಸಿದಳು.

ಕಾಕಾನ ಮನೆಯ ಜಗಲಿಯ ಮೇಲೆ ಅಜ್ಜಿ ಕಾಲು ಚಾಚಿ ಕೂತಿದ್ದಳು. ಕಾಲಿನ ಮೇಲೆ ಕಾಕಾನ ಪುಟ್ಟ ಕೂಸು. ಪಕ್ಕದ ಬುಟ್ಟಿಯಲ್ಲಿ ಹತ್ತಿ.

"ಬಾ ನನ್ನವ್ವಾ. ಎಷ್ಟು ಸೊರಗೀಯ. ನಿಮ್ಮವ್ವ ಉಣ್ಣಾಕ ಹಾಕೂದಿಲ್ಲೇನ?"

"ಅಜ್ಜಿ, ಅದು ಈಗ ಸದ್ದು ಮಾಡಲ್ಲ." ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಒಟ್ಟಿಗೇ ಹೊರಬಂದವು. ಕೌದಿ, ಸುಟ್ಟ ವಾಸನೆ, ಹತ್ತಿ, ಮುನಿಯಣ್ಣನ ರಬ್ಬರು.

ಹತ್ತಿಯ ಮಾತಿಗೆ ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳ ಜೊತೆ ಕೂಸೂ ಕುಲುಕಿತು. "ನನ್ನ ಕೌದಿ ಸುಟ್ಟಿತೇನ?"

"ಒಂದು ಮೂಲೆ ಮಾತ್ರ. ನಾನು ಒಗೆದು ಮಡಚಿಟ್ಟಿದೀನಿ. ಇನ್ನು ಮೇಲೆ ನಿನಗೆ ಅಲ್ಲಿ ನಿದ್ದೆ ಬರುತ್ತೆ ಅಜ್ಜಿ."

ಅಜ್ಜಿ ಗೇಟಿನ ಕಡೆ ನೋಡಿದಳು. ಅಪ್ಪ ಅಲ್ಲಿ ಕಾಕಾನಿಗೆ ಕಂಪ್ಯೂಟರಿನ ವಿಷಯವನ್ನೇ ಹೇಳುತ್ತಿದ್ದ.

"ನಿದ್ದಿ ಇಲ್ಲೂ ಅಷ್ಟಕ್ಕಷ್ಟ ತಂಗಿ" ಅಂದಳು. "ವಯಸ್ಸಾತಲ್ಲ."

ದಾಕ್ಷಿ ಅಜ್ಜಿಯ ಮುಖ ನೋಡಿದಳು. ಹಾಗಾದರೆ ಯಾಕೆ ಬಂದೆ ಅಂತ ಕೇಳಬೇಕೆಂದಿದ್ದಳು. ಅಷ್ಟರಲ್ಲಿ ಅಜ್ಜಿ ಕೂಸಿನ ಕಡೆ ಬಗ್ಗಿದಳು.

"ನಿಮ್ಮಕ್ಕ ಬಂದಾಳ ನೋಡ" ಅಂದಳು ಕೂಸಿಗೆ.

"ಊಂ" ಅಂದಿತು ಕೂಸು.

"ಬಸ್ಸಿನ್ಯಾಗ ಬಂದಾಳ."

"ಊಂ."

ಪ್ರತಿ ಸಲವೂ ಅಜ್ಜಿ ತಡೆದು, ಆ ಸದ್ದಿಗೆ ಕಾದು, ಅದು ಬಂದ ಮೇಲೆಯೇ ಮುಂದಿನ ಮಾತು ಆಡುತ್ತಿದ್ದಳು. ಕೂಸಿಗೆ ಏನೂ ತಿಳಿಯುತ್ತಿರಲಿಲ್ಲ. ಆದರೂ ಅದು ಕಣ್ಣು ಕದಲಿಸದೆ ಅಜ್ಜಿಯನ್ನೇ ನೋಡುತ್ತಿತ್ತು.

ಅಜ್ಜಿಯ ಕತೆ ಹಾಗೇ ಅಲ್ಲವೇ ನಡೆಯುತ್ತಿದ್ದದ್ದು? ಹೂಂ ಅನ್ನಬೇಕು. ಹೂಂ ಅಂದರೆ ಮುಂದಿನ ಹೆಜ್ಜೆ. ಆವತ್ತು ಕತ್ತೆ ಹಳ್ಳದ ದಂಡೆಯಲ್ಲಿ ನಿಂತು ಕಾದಿತ್ತು. ಮತ್ತೆ ಕಾದಿತ್ತು. ಕುರ್ಚಿಯ ಹಿಂದಿನಿಂದ ಹೂಂ ಬಂದಿರಲಿಲ್ಲ.

ಯಾವಾಗ ಬರ್ತೀಯ ಅಂತ ಕೇಳಲು ದಾಕ್ಷಿ ಬಂದಿದ್ದಳು. ಕೇಳಲಿಲ್ಲ. ಜಗಲಿ ಹತ್ತಿ ಅಜ್ಜಿಯ ಪಕ್ಕ ಗೋಡೆಗೆ ಒರಗಿ ಕೂತಳು. ಬುಟ್ಟಿಯಿಂದ ಒಂದು ಚೂರು ಹತ್ತಿ ತೆಗೆದು ಹೊಸೆಯತೊಡಗಿದಳು. ಬತ್ತಿ ವಕ್ರವಾಗಿ ಬಂತು.

"ಅಜ್ಜಿ, ಕತ್ತೆ ಹಳ್ಳದ ದಂಡೇಲಿ ನಿಂತಿತ್ತಲ್ಲ."

"ಯಾವ ಕತ್ತಿ?"

"ಕುಂಬಾರಾಕೀದು. ಸಂತೆಗೆ ಒಂದೇ ಹೊರಟಿತ್ತಲ್ಲ."

ಬುಟ್ಟಿಯ ಹತ್ತಿಗೆ ಚಾಚಿದ ಅಜ್ಜಿಯ ಕೈ ಅಲ್ಲೇ ನಿಂತಿತು.

"ನೀ ಅದನ್ನ ಕೇಳಿದ್ದೇನ?"

"ಅಲ್ಲೀ ತನಕ ಕೇಳಿದ್ದೆ."

ರಸ್ತೆಯಲ್ಲಿ ಬಸ್ಸೊಂದು ಹೋಯಿತು. ಅದರ ಸದ್ದು ಅಡಗುವ ತನಕ ಅಜ್ಜಿ ಕಾದಳು.

"ಹಳ್ಳಕ್ಕ ನೀರು ಬಂದಿತ್ತು" ಅಂದಳು. "ಕತ್ತಿಗೆ ಗಡಿಗಿ ಒಡೀತಾವ ಅಂತ ಅಂಜಿಕಿ. ಹಿಂದ ಹೋಗಂಗಿಲ್ಲ, ಮುಂದ ಹೋಗಂಗಿಲ್ಲ."

ಅಜ್ಜಿ ತಡೆದಳು.

"ಹೂಂ" ಅಂದಳು ದಾಕ್ಷಿ.