ಹೆಳವ ಹೇಳಿದ ಹೆಸರು

“ನಿಮ್ಮ ಬೆಡಗು ಯಾವುದ್ರಿ?”

ಐಹೊಳೆಯ ಗುಡಿಯೊಂದರ ಮೆಟ್ಟಿಲ ಮೇಲೆ ಸುರೇಖಾ ಕೇಳಿದ ಮೊದಲ ಪ್ರಶ್ನೆಯೇ ಅದು. ಗೈಡ್ ಹಣಮೇಶ ತಬ್ಬಿಬ್ಬಾದ. ಅವರ ಜನರಲ್ಲಿ ಬೆಡಗು, ಅಂದರೆ ಗೋತ್ರ, ಕೇಳುವುದೆಂದರೆ ಸಂಬಂಧ ಕೇಳಿದಂತೆ. ಒಂದೇ ಬೆಡಗಿನವರಾದರೆ ಅಣ್ಣ-ತಂಗಿ. ಬೇರೆಯಾದರೆ ಮಾತು ಮುಂದುವರಿಯುತ್ತದೆ.

“ಬೆಳ್ಳಿ ಬೆಡಗ್ರಿ. ಯಾಕ, ಮನ್ಯಾಗ ಕೇಳ್ಕೊಂಡ್ ಬಾ ಅಂದಾರೇನ್ರಿ?”

“ಭಾಳ ಶಾಣ್ಯಾ ಅದೀರಿ! ನಮ್ಮ ಮನಿತನದ ಇತಿಹಾಸ ಬರಿಯಾಕತ್ತೇನಿ. ಬೀರಪ್ಪನ ಒಕ್ಕಲು ಸಿಕ್ಕವರನ್ನೆಲ್ಲ ಕೇಳ್ತೇನಿ.”

“ನಿಮ್ದು ಯಾವುದು?”

“ಜೀರಿಗಿ.”

“ಹಂಗಾರ ಅಡ್ಡಿಲ್ಲ ಬಿಡ್ರಿ,” ಎಂದ ಅವನು, ಕಂಬದ ಕಡೆ ನೋಡುತ್ತ. ನಗು ಮಾತ್ರ ಅವಳ ಕಡೆಗಿತ್ತು.

ಆ ಚಳಿಗಾಲವೆಲ್ಲ ಅವನ ಬೈಕ್ ಅವಳ ಇತಿಹಾಸಕ್ಕೇ ಓಡಿತು. ಕುರಿಹಟ್ಟಿಗಳು, ಬೀರಪ್ಪನ ಗುಡಿಗಳು, ಅರ್ಧ ಹೇಳಿ ನಿದ್ದೆಹೋಗುವ ಮುದುಕರು. ಅಮೀನಗಡದಲ್ಲಿ ಕರದಂಟು ಕೊಂಡರೆ ಅವಳು ದೊಡ್ಡ ತುಂಡು ತಾನಿಟ್ಟುಕೊಂಡು ಸಣ್ಣದನ್ನು ಅವನಿಗೆ ಕೊಡುವಳು.

“ಪುಸ್ತಕದಾಗ ನನ್ನ ಹೆಸರು ಬರ್ತೈತೇನು?”

“ಏನಂತ ಬರೀಲಿ?”

“ಅಳಿಯ ಅಂತ.”

ಅವಳು ಹೆಲ್ಮೆಟ್ಟಿನಿಂದ ಅವನ ಬೆನ್ನಿಗೆ ಗುದ್ದಿದಳು. ಅವಳ ಊರು ಶಿರೂರು ಬರುವವರೆಗೂ ಅವನು ಬೈಕನ್ನು ನಿಧಾನಕ್ಕೇ ಓಡಿಸಿದ.

ಯುಗಾದಿ ಕಳೆದ ಮೇಲೆ ಶಿರೂರಿನ ಅವಳ ಮನೆಗೆ ಹೆಳವ ಬಂದ. ಮನೆತನಗಳ ವಂಶಾವಳಿಯನ್ನು ನಾಲಿಗೆಯ ಮೇಲಿಟ್ಟುಕೊಂಡು ಊರೂರು ತಿರುಗುವವನು. ಅವನ ಮಾತು ರೆಕಾರ್ಡ್ ಮಾಡುವ ನೆಪದಲ್ಲಿ ಹಣಮೇಶ ಇಸ್ತ್ರಿ ಅಂಗಿ ತೊಟ್ಟು ಮೊದಲ ಸಲ ಆ ಹೊಸ್ತಿಲು ದಾಟಿದ. ಸುರೇಖಾಳ ಅಜ್ಜಿ, ಆಯಿ ರಂಗವ್ವನಿಗೆ ಅವತ್ತೇ ತಮ್ಮಿಬ್ಬರ ವಿಷಯ ಹೇಳಿಬಿಡುವುದೆಂದು ಇಬ್ಬರೂ ಗಟ್ಟಿ ಮಾಡಿದ್ದರು.

ಹೆಳವ ಕಣ್ಣು ಮುಚ್ಚಿ ರಾಗ ಎತ್ತಿದ. “…ಅಮಾತೆಪ್ಪಗ ಗಂಡಮಕ್ಕಳು ಇಬ್ಬರು. ಹಿರಿಯಾವ ಈ ಮನ್ಯಾಗ ಉಳದ. ಕಿರಿಯಾವ ಹುಲ್ಲಪ್ಪ ಐಹೊಳಿಗೆ, ಮಕ್ಕಳಿಲ್ಲದ ಬೆಳ್ಳಿ ಬೆಡಗಿನ ಮನಿಗೆ ದತ್ತಕ ಹೋದ…”

ಹಣಮೇಶನ ಕೈಯಲ್ಲಿದ್ದ ಮೊಬೈಲು ಕೆಳಗಿಳಿಯಿತು. “ಹುಲ್ಲಪ್ಪ ಅಂದ್ರ… ನಮ್ಮ ಅಜ್ಜನ ಅಪ್ಪ.”

ಬಾಯಿ ತಪ್ಪಿ ಬಂದ ಮಾತು. ರಂಗವ್ವ ಗೋಡೆ ಹಿಡಿದು ಎದ್ದು ಬಂದು, ಅವನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು.

“ಯವ್ವಾ, ನಮ್ಮ ಮನಿಯವರದ ಗದ್ದ! ದತ್ತಕ ಹೋದ್ರ ಬೆಡಗು ಬದಲಾಗ್ತೈತಿ, ಕರುಳು ಬದಲಾಗ್ತೈತೇನಪಾ? ಈಕಿಗೆ ಒಡಹುಟ್ಟಿದವ್ರಿಲ್ಲ ಅಂತ ಬೀರಪ್ಪನ ಮುಂದ ಎಷ್ಟು ಅತ್ತೇನಿ! ಸುರೇಖಾ, ಅಣ್ಣಗ ಕಾಲಿಗೆ ನೀರು ಕೊಡವಾ!”

ಸುರೇಖಾ ಆ ಗದ್ದ ನೋಡಿದಳು, ಗೋಡೆಯ ಫೋಟೋದಲ್ಲಿದ್ದ ಅಜ್ಜನನ್ನು ನೋಡಿದಳು. ಚಳಿಗಾಲವಿಡೀ ಕಾಣದಿದ್ದುದು ಈಗ ಕಂಡಿತು.

ಅಂಗಳದಲ್ಲಿ ಅವಳು ತಂಬಿಗೆಯ ನೀರನ್ನು ಅವನ ಕಾಲ ಮೇಲೆ ಸುರಿದಳು.

“ಪುಸ್ತಕದಾಗ ಆ ಒಂದು ಹೆಸರು ಬರೀಬ್ಯಾಡ,” ಎಂದು ಅವನು ಪಿಸುಗುಟ್ಟಿದ. “ಹೋಗೋಣು ನಡಿ. ಎಲ್ಲೆರ.”

“ಅಪ್ಪ ಸತ್ತ ಮ್ಯಾಲೆ ಆಯಿ ನಕ್ಕಿದ್ದು ಇವತ್ತ. ಮತ್ತ… ಈಗ ನಿನ್ನ ಮಾರಿ ನೋಡಿದ್ರ ನನಗೂ ಅಜ್ಜ ಕಾಣ್ತಾನ, ಹಣಮೇಶ. ಏನು ಮಾಡ್ಲಿ?”

ಅವನು ಕಾಲು ತೊಳೆಯಲಿಲ್ಲ. ನೀರು ಹರಿದುಹೋಗುವುದನ್ನೇ ನೋಡುತ್ತ ನಿಂತ.

ಬೈಕ್ ಏರಿದಾಗ ಆಯಿ ಬಾಗಿಲಿಂದ ಕೂಗಿದಳು: “ಈಕಿ ಲಗ್ನಾದ ಮ್ಯಾಲೆ ನಾಗರ ಪಂಚಮಿಗೆ ಗಂಡನ ಮನಿಯಿಂದ ಕರ್ಕೊಂಡ್ ಬರಾಕ ನೀನ ಹೋಗಬೇಕಪಾ!”

ಸುರೇಖಾ ಖಾಲಿ ತಂಬಿಗೆಯನ್ನು ಎದೆಗವಚಿಕೊಂಡಿದ್ದಳು. ಹಣಮೇಶ ಅವಳನ್ನು ಒಮ್ಮೆ ನೋಡಿ, ಮುದುಕಿಯ ಕಡೆ ತಿರುಗಿದ.

“ಹೋಗ್ತೇನಿ, ಆಯಿ. ಚಲೋ ಮನಿ ನೋಡಿ ಕೊಡ್ರಿ.”